1970ರ ಶೆವೆಲ್: ಟರ್ಬೊ 350 ಗೇರ್‌ಬಾಕ್ಸ್ ರೀಬಿಲ್ಡ್ ಮಾಡಿಸಲೋ, ಓವರ್‌ಡ್ರೈವ್ ಇರುವುದನ್ನು ಹಾಕಿಸಲೋ?

ನೋವೈ_ಶೆವೆಲ್:

ಎಲ್ಲರಿಗೂ ನಮಸ್ಕಾರ. ನಾನಿರುವುದು ಮಿಶಿಗನ್‌ನ ನೋವೈನಲ್ಲಿ. ನನ್ನ ಹತ್ತಿರ 1970ರ ಶೆವೆಲ್ ಮಾಲಿಬು (ಶೆವ್ರೊಲೆ ಕಾರು) ಇದೆ. 350 ವಿ8 ಎಂಜಿನ್, ಟರ್ಬೊ 350 ಆಟೊಮ್ಯಾಟಿಕ್, ಹಿಂದೆ 3.31 ಅನುಪಾತದ ಆಕ್ಸಲ್. ಗೇರ್‌ಬಾಕ್ಸ್ ಕಾರಿನ ಜೊತೆಗೇ ಫ್ಯಾಕ್ಟರಿಯಿಂದ ಬಂದದ್ದು, ಅದರ ಮೇಲೆ ಒತ್ತಿರುವ ನಂಬರ್ ಕಾರಿನ ವಿಐಎನ್‌ಗೆ (ಗುರುತಿನ ನಂಬರಿಗೆ) ಹೊಂದುತ್ತದೆ.

ತೊಂದರೆ ಏನೆಂದರೆ, ಎರಡರಿಂದ ಮೂರನೇ ಗೇರ್‌ಗೆ ಹೋಗುವಾಗ ಎಂಜಿನ್ ಸುಮ್ನೆ ರೇಸ್ ಆಗುತ್ತದೆ, ಆಮೇಲೆ ಹಿಡಿಯುತ್ತದೆ. ಬೆಳಿಗ್ಗೆ ರಿವರ್ಸ್ ಹಾಕಿದರೆ ಕಾರು ಅಲ್ಲಾಡುವುದಕ್ಕೇ ಹೊತ್ತು ಬೇಕು. ಒಂದು ಮತ್ತು ಎರಡನೇ ಗೇರ್ ಮಾತ್ರ ಗಟ್ಟಿಯಾಗಿವೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಕಂದು ಬಣ್ಣ, ಸುಟ್ಟ ವಾಸನೆ. ಒಂದು ಶಾಪ್‌ನವರು ಓಡಿಸಿಯೂ ನೋಡದೆ "ಇದನ್ನು ಕೊಟ್ಟುಬಿಡಿ, 700ಆರ್4 ಹಾಕೋಣ" ಅಂದರು. ಅದು ಓವರ್‌ಡ್ರೈವ್, ಅಂದರೆ ಎಂಜಿನ್ನನ್ನು ನಿಧಾನ ತಿರುಗಿಸುವ ನಾಲ್ಕನೇ ಗೇರ್ ಇರುವ ಆಟೊಮ್ಯಾಟಿಕ್. ಐ-96 ಹೈವೇಯಲ್ಲಿ 70 ಮೈಲಿ ವೇಗಕ್ಕೆ ಎಂಜಿನ್ 3000 ಆರ್‌ಪಿಎಂ ಹತ್ತಿರ ಕೂಗುತ್ತಿರುತ್ತದೆ, ಹಾಗಾಗಿ ಓವರ್‌ಡ್ರೈವ್ ಆಸೆ ನನಗೂ ಇದೆ. ಆದರೆ ಮೂಲ ಗೇರ್‌ಬಾಕ್ಸ್ ಬಿಟ್ಟುಕೊಡಲು ಮನಸ್ಸು ಬರುತ್ತಿಲ್ಲ. ಆಗಸ್ಟ್‌ನ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ (ಹಳೇ ಕಾರುಗಳ ಮೆರವಣಿಗೆಗೆ) ಕಾರು ರಸ್ತೆಗೆ ಬರಬೇಕು. ಗೊತ್ತಿರುವವರು ಹೇಳಿ.

ಎಣ್ಣೆಕೈ_ಹ್ಯೂಸ್ಟನ್:

ಸರ್, ಮೊದಲು ಒಂದು ಮಾತು. ಹಳೆಯದನ್ನು ಯಾರಿಗೂ ಕೊಡಬೇಡಿ. ರೀಮ್ಯಾನ್, ಅಂದರೆ ಮತ್ತೆ ಕಟ್ಟಿ ಮಾರುವ ಬಾಕ್ಸ್ ತಗೊಂಡರೆ ನಿಮ್ಮದನ್ನು ಕೋರ್ (ಬದಲಿಗೆ ಕೊಡುವ ಹಳೇ ಬಾಕ್ಸ್) ಅಂತ ಇಟ್ಟುಕೊಳ್ಳುತ್ತಾರೆ. ನಂಬರ್ ಹೊಂದುವ ಕೇಸ್ ಹೋದರೆ ಹೋಯಿತು, ಮತ್ತೆ ಸಿಗುವುದಿಲ್ಲ.

ನೀವು ಹೇಳಿದ ಲಕ್ಷಣಗಳಲ್ಲೇ ಉತ್ತರ ಇದೆ. ಈ ಬಾಕ್ಸ್‌ನಲ್ಲಿ ಮುಂದಕ್ಕೆ ಹೋಗುವ ಮೂರು ಗೇರ್‌ಗೂ ಫಾರ್ವರ್ಡ್ ಕ್ಲಚ್ ಬೇಕು. ಎರಡಕ್ಕೆ ಅದರ ಜೊತೆ ಇಂಟರ್‌ಮೀಡಿಯೆಟ್ ಕ್ಲಚ್ ಸೇರುತ್ತದೆ. ಮೂರಕ್ಕೆ ಡೈರೆಕ್ಟ್ ಕ್ಲಚ್ ಸೇರುತ್ತದೆ. ರಿವರ್ಸ್‌ಗೆ ಅದೇ ಡೈರೆಕ್ಟ್ ಕ್ಲಚ್, ಜೊತೆಗೆ ಲೋ-ರಿವರ್ಸ್ ಕ್ಲಚ್. ಒಂದು ಎರಡು ಗಟ್ಟಿ, ಮೂರು ಮತ್ತು ರಿವರ್ಸ್ ಎರಡೂ ಸ್ಲಿಪ್ ಅಂದರೆ ಎರಡಕ್ಕೂ ಬೇಕಾದದ್ದು ಯಾವುದು? ಡೈರೆಕ್ಟ್ ಕ್ಲಚ್. ಒಂದೋ ಅದರ ಪ್ಲೇಟ್ ಸುಟ್ಟಿವೆ, ಇಲ್ಲವೇ ಅದಕ್ಕೆ ಪ್ರೆಷರ್ ಹೋಗುವ ದಾರಿಯಲ್ಲಿ ಸೋರಿಕೆ ಇದೆ. ಸಾಮಾನ್ಯವಾಗಿ ಸೋರಿಕೆ ಮೊದಲು, ಸುಡುವುದು ಆಮೇಲೆ. ಡ್ರಮ್ ಒಳಗಿನ ಲಿಪ್ ಸೀಲ್ ವರ್ಷಗಟ್ಟಲೆ ಬಿಸಿ ತಿಂದು ಹಳೇ ಹವಾಯಿ ಚಪ್ಪಲಿಯ ಪಟ್ಟಿ ಹಾಗೆ ಬಿರುಸಾಗಿರುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ರಿವರ್ಸ್ ತಡವಾಗುವುದು ಬಹುಶಃ ಅದಕ್ಕೇ.

ಬಾಕ್ಸ್ ಇಳಿಸುವ ಮೊದಲು ಎರಡು ಕೆಲಸ ಮಾಡಿ. ವ್ಯಾಕ್ಯೂಮ್ ಮಾಡ್ಯುಲೇಟರ್‌ನ (ಎಂಜಿನ್ನಿನ ವ್ಯಾಕ್ಯೂಮ್‌ಗೆ ತಕ್ಕಂತೆ ಬಾಕ್ಸ್‌ನ ಪ್ರೆಷರ್ ಹೊಂದಿಸುವ ಭಾಗ) ಹೋಸ್ ಕಿತ್ತು ಒಳಗೆ ಎಟಿಎಫ್ (ಗೇರ್‌ಬಾಕ್ಸ್ ಆಯಿಲ್) ಹಸಿ ಇದೆಯಾ ನೋಡಿ. ಇದ್ದರೆ ಡಯಾಫ್ರಮ್ ಹರಿದಿದೆ, ಎಂಜಿನ್ ಆ ಆಯಿಲ್ ಎಳೆದುಕೊಂಡು ಸುಡುತ್ತಿದೆ. ಹೊರಗೆ ಎಲ್ಲೂ ಸೋರದೆ ಆಯಿಲ್ ಕಡಿಮೆಯಾಗುತ್ತದೆ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬರುತ್ತದೆ. ಮಾಡ್ಯುಲೇಟರ್ ಬದಲಿಸುವುದು ಒಂದೇ ಬೋಲ್ಟಿನ ಕೆಲಸ. ಆಮೇಲೆ ಬಾಕ್ಸ್ ಕೆಳಗಿನ ಆಯಿಲ್ ಪ್ಯಾನ್ ಬಿಚ್ಚಿ, 13 ಬೋಲ್ಟ್ ಇರುತ್ತವೆ. ತಳದಲ್ಲಿ ಏನು ಕೂತಿದೆ ನೋಡಿ ಇಲ್ಲಿ ಬರೆಯಿರಿ. ಕಪ್ಪು ಮಡ್ಡಿ ಕ್ಲಚ್‌ನದು, ಹಳದಿ ಚೂರು ಬುಶಿಂಗ್‌ನದು, ಬೆಳ್ಳಿ ಬಣ್ಣದ್ದು ಅಲ್ಯುಮಿನಿಯಂ.

ನೋವೈ_ಶೆವೆಲ್:

ತುಂಬಾ ಥ್ಯಾಂಕ್ಸ್ ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ವಾರಾಂತ್ಯದಲ್ಲಿ ಎರಡೂ ನೋಡಿದೆ. ಹೋಸ್ ಒಣಗಿದೆ. ಪ್ಯಾನ್ ತಳದಲ್ಲಿ ಕಪ್ಪು ಮಡ್ಡಿ ಜಾಸ್ತಿಯೇ ಇದೆ, ಬೆರಳಲ್ಲಿ ಉಜ್ಜಿದರೆ ನುಣ್ಣಗಿದೆ. ಹಳದಿ ಚೂರು ಒಂದೆರಡು. ಅಲ್ಯುಮಿನಿಯಂ ಕಾಣಲಿಲ್ಲ. ಹಾಗಾದರೆ ಬಿಚ್ಚಲೇಬೇಕು ಅಲ್ವಾ?

ಎಣ್ಣೆಕೈ_ಹ್ಯೂಸ್ಟನ್:

ಬಿಚ್ಚಲೇಬೇಕು. ಹೊಸ ಆಯಿಲ್ ಹಾಕಿ ಸರಿಹೋಗುವ ಹಂತ ದಾಟಿದೆ. ಆದರೆ ಅಲ್ಯುಮಿನಿಯಂ ಇಲ್ಲ ಅನ್ನುವುದು ಒಳ್ಳೆಯ ಸುದ್ದಿ, ಕೇಸ್ ಬಹುಶಃ ಚೆನ್ನಾಗಿದೆ. ಬಿಚ್ಚಿದಾಗ ಸೆಂಟರ್ ಸಪೋರ್ಟ್ ಕೂರುವ ಕಡೆ ಕೇಸ್ ಸವೆದಿದೆಯಾ ಅಂತ ಖಂಡಿತ ನೋಡಿ. ಈ ಬಾಕ್ಸ್ ಅಲ್ಲಿ ಸವೆಯುತ್ತದೆ. ಇನ್ನೊಂದು ಬಲಹೀನ ಜಾಗ ಇಂಟರ್‌ಮೀಡಿಯೆಟ್ ರೋಲರ್ ಕ್ಲಚ್. ನಿಮ್ಮದು ಹೆಚ್ಚುಕಮ್ಮಿ ಸ್ಟಾಕ್ ಎಂಜಿನ್ ಆದ್ದರಿಂದ ಹೊಸ ಸ್ಟಾಕ್ ಭಾಗವೇ ಸಾಕು. ಪಂಪಿನ ಹಬ್ ಮೇಲಿನ ಸೀಲಿಂಗ್ ರಿಂಗ್‌ಗಳು ಡೈರೆಕ್ಟ್ ಡ್ರಮ್ ಒಳಗೆ ಗೀರು ಮಾಡಿವೆಯಾ ಅಂತ ಉಗುರಿನಿಂದ ನೋಡಿ. ಉಗುರು ಸಿಕ್ಕಿಕೊಂಡರೆ ಆ ಡ್ರಮ್ ಬೇಡ, ಎಷ್ಟು ಹೊಸ ಪ್ಲೇಟ್ ಹಾಕಿದರೂ ಮತ್ತೆ ಅಲ್ಲೇ ಸೋರುತ್ತದೆ.

ಮನೆಯಲ್ಲೇ ಮಾಡುವ ಯೋಚನೆ ಇದ್ದರೆ, ಮೊದಲ ಸಲ ಕೈ ಹಾಕುವವರಿಗೆ ಟರ್ಬೊ 350ಕ್ಕಿಂತ ಒಳ್ಳೆಯ ಬಾಕ್ಸ್ ಇಲ್ಲ. ಒಳಗೆ ಕಂಪ್ಯೂಟರ್ ಇಲ್ಲ, ಸೊಲೆನಾಯ್ಡ್ ಇಲ್ಲ. ಸ್ಪ್ರಿಂಗ್ ಒತ್ತುವ ಟೂಲ್, ಒಳ್ಳೆಯ ಸ್ನ್ಯಾಪ್‌ರಿಂಗ್ ಇಕ್ಕಳ, ಪಂಪ್ ಎಳೆಯಲು ಸ್ಲೈಡ್ ಹ್ಯಾಮರ್ ಬೇಕು. ಹೊಸ ಪ್ಲೇಟ್‌ಗಳನ್ನು ಎಟಿಎಫ್‌ನಲ್ಲಿ ಅರ್ಧ ಗಂಟೆಯಾದರೂ ನೆನೆಸಿಡಿ. ವಾಲ್ವ್ ಬಾಡಿ ಇಳಿಸುವಾಗ 4 ಚೆಕ್ ಬಾಲ್ ಇರುತ್ತವೆ, ಎಲ್ಲೆಲ್ಲಿದ್ದವು ಅಂತ ಫೋಟೊ ತೆಗೆದುಕೊಳ್ಳಿ. ಕ್ಲಚ್ ಕಟ್ಟಿದ ಮೇಲೆ ಆಯಿಲ್ ದಾರಿಗೆ ಗಾಳಿ ಕೊಟ್ಟು ನೋಡಿ. ಪಿಸ್ಟನ್ ಟಪ್ ಅಂತ ಎದ್ದರೆ ಸೀಲ್ ಸರಿಯಾಗಿ ಕೂತಿದೆ, ಬರೀ ಬುಸ್ ಅಂದರೆ ಮತ್ತೆ ಬಿಚ್ಚಿ.

ಹೈವೇ_ಎಂಟುಸಿಲಿಂಡರ್:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ಮೂಲ ಬಾಕ್ಸ್ ಉಳಿಸಿಕೊಳ್ಳಬೇಕು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಅದನ್ನು ಉಳಿಸಲು ಕಾರಿನಲ್ಲೇ ಇಡಬೇಕು ಅಂತೇನಿಲ್ಲ, ಅಲ್ವಾ? ಒರೆಸಿ, ಎಣ್ಣೆ ಹಚ್ಚಿ, ಪ್ಲಾಸ್ಟಿಕ್ ಸುತ್ತಿ ಗ್ಯಾರೇಜಿನಲ್ಲಿಡಿ. ಕಾರನ್ನು ಓಡಿಸುವುದೇ ಮುಖ್ಯವಾದರೆ ಓವರ್‌ಡ್ರೈವ್ ಹಾಕಿ.

ಲೆಕ್ಕ ನೋಡಿ. 26 ಇಂಚಿನ ಟೈರ್, 3.31 ಆಕ್ಸಲ್, 70 ಮೈಲಿಗೆ ಸುಮಾರು 3000 ಆರ್‌ಪಿಎಂ. 700ಆರ್4ನ ನಾಲ್ಕನೇ ಗೇರ್ 0.70, ಅಂದರೆ 2100. ಓವರ್‌ಡ್ರೈವ್ ಇರುವ ಇನ್ನೊಂದು ಬಾಕ್ಸ್ 200-4ಆರ್‌ನದು 0.67, ಸುಮಾರು 2000. ಪೆಟ್ರೋಲ್ ಉಳಿಯುವುದು ಒಂದು, ಪಕ್ಕದಲ್ಲಿ ಕೂತವರ ಜೊತೆ ಮಾತಾಡಬಹುದು ಅನ್ನುವುದು ಇನ್ನೊಂದು.

ಎರಡರಲ್ಲಿ ನನ್ನ ಓಟು 200-4ಆರ್‌ಗೆ. 700ಆರ್4ನ ಮೊದಲ ಗೇರ್ 3.06, ಎರಡನೆಯದು 1.63, ನಡುವೆ ದೊಡ್ಡ ಹಳ್ಳ. ನಿಮ್ಮ 2.52, 1.52ಗೆ ಹೋಲಿಸಿದರೆ 200-4ಆರ್‌ನ 2.74, 1.57 ಕಾಲಿಗೆ ಪರಿಚಿತ ಅನ್ನಿಸುತ್ತದೆ. ನಿಮ್ಮದು 6 ಇಂಚು ಬಾಲದ (ಹಿಂತುದಿಯ ಕವಚದ) ಟರ್ಬೊ 350 ಆಗಿದ್ದರೆ ಉದ್ದವೂ ಹೆಚ್ಚುಕಮ್ಮಿ ಒಂದೇ, ಔಟ್‌ಪುಟ್ ಶಾಫ್ಟ್‌ನ ಹಲ್ಲುಗಳೂ (ಸ್ಪ್ಲೈನ್) ಅದೇ 27, ಡ್ರೈವ್‌ಶಾಫ್ಟ್ ಕತ್ತರಿಸಬೇಕಾಗಿಲ್ಲ. ಬಾಕ್ಸ್ ಹೊರುವ ಅಡ್ಡಪಟ್ಟಿ ಕ್ರಾಸ್‌ಮೆಂಬರ್ ಮಾತ್ರ ಹಿಂದಕ್ಕೆ, ಟರ್ಬೊ 400 ಬಾಕ್ಸ್‌ಗೆ ಅದು ಕೂರುವ ಜಾಗಕ್ಕೆ ಹೋಗಬೇಕು. 700ಆರ್4 ಹಾಕಿದರೆ ಅದು ಸುಮಾರು 3 ಇಂಚು ಉದ್ದ, ಡ್ರೈವ್‌ಶಾಫ್ಟ್ ಗಿಡ್ಡ ಮಾಡಿಸಿ ಬ್ಯಾಲೆನ್ಸ್ ಮಾಡಿಸಬೇಕು. 200-4ಆರ್ ಬಲ ಇಲ್ಲದ್ದು ಅಂತ ಕೆಲವರು ಹೇಳುತ್ತಾರೆ. ಬ್ಯೂಕ್ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಅದನ್ನೇ ಹಾಕಿದ್ದರು.

ಎಣ್ಣೆಕೈ_ಹ್ಯೂಸ್ಟನ್:

ಲೆಕ್ಕ ಸರಿ ಇದೆ, ಒಪ್ಪಿದೆ. ಆದರೆ ಟಿವಿ ಕೇಬಲ್ (ಕಾರ್ಬುರೇಟರ್‌ನಿಂದ ಬಾಕ್ಸ್‌ಗೆ ಬರುವ ಥ್ರಾಟಲ್ ವಾಲ್ವ್ ಕೇಬಲ್) ವಿಷಯ ಹೇಳದೆ ಬಿಟ್ಟಿರಿ, ಅದನ್ನು ಬಿಡುವ ಹಾಗಿಲ್ಲ. ಟರ್ಬೊ 350ರಲ್ಲಿ ಪ್ರೆಷರ್ ಏರಿಸುವುದು ಮಾಡ್ಯುಲೇಟರ್. ಅಲ್ಲಿನ ಕೇಬಲ್ ಬರೀ ಕಿಕ್‌ಡೌನ್‌ಗೆ (ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೆಳ ಗೇರ್‌ಗೆ ಇಳಿಯಲು), ಕಳಚಿಕೊಂಡರೂ ಕಾರು ಮನೆ ಸೇರುತ್ತದೆ. 200-4ಆರ್ ಮತ್ತು 700ಆರ್4ನಲ್ಲಿ ಲೈನ್ ಪ್ರೆಷರ್ ಪೂರ್ತಿ ಆ ಟಿವಿ ಕೇಬಲ್ ಮೇಲೆ ನಿಂತಿದೆ. ಕಾರ್ಬುರೇಟರ್ ತುದಿಯಲ್ಲಿ ಬ್ರ್ಯಾಕೆಟ್ ಕೋನ ತಪ್ಪಿದರೆ, ಕೇಬಲ್ ಸಡಿಲ ಇದ್ದರೆ, ಹೊಸ ಬಾಕ್ಸ್ ಒಂದೇ ಓಟದಲ್ಲಿ ಸುಟ್ಟುಹೋಗಬಹುದು. ಲಾಕಪ್ ಕನ್ವರ್ಟರ್‌ಗೆ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಬಾಕ್ಸ್‌ಗೆ ಕೊಡುವ, ಹೈವೇಯಲ್ಲಿ ಲಾಕ್ ಆಗುವ ಭಾಗಕ್ಕೆ) ವೈರಿಂಗ್ ಬೇರೆ ಮಾಡಬೇಕು. ಇದನ್ನೆಲ್ಲ ಕ್ರೂಸ್‌ಗೆ ಮುಂಚಿನ ಅವಸರದಲ್ಲಿ ಮಾಡಬೇಡಿ ಅನ್ನುವುದು ನನ್ನ ವಾದ. ಈ ಬೇಸಿಗೆಗೆ ಮೂಲ ಬಾಕ್ಸ್ ಕಟ್ಟಿಸಿ ಓಡಿಸಿ. ಓವರ್‌ಡ್ರೈವ್ ಚಳಿಗಾಲದ ಕೆಲಸ ಆಗಲಿ, ಮಿಶಿಗನ್‌ನಲ್ಲಿ ಹೇಗೂ ನವೆಂಬರ್‌ನಿಂದ ಕಾರು ಶೆಡ್‌ನಲ್ಲೇ ಅಲ್ವಾ.

ಹೈವೇ_ಎಂಟುಸಿಲಿಂಡರ್:

ಟಿವಿ ಕೇಬಲ್ ಮಾತು ನೂರಕ್ಕೆ ನೂರು ನಿಜ. ಸಮಯ ಕಡಿಮೆ ಇದ್ದರೆ ನಾನೂ ಹಾಗೇ ಮಾಡುತ್ತೇನೆ.

ನೋವೈ_ಶೆವೆಲ್:

ಸರಿ, ತೀರ್ಮಾನ ಮಾಡಿದೆ. ಮೂಲ ಬಾಕ್ಸನ್ನೇ ಬಿಚ್ಚುತ್ತೇನೆ. ಗೆಳೆಯನ ಹತ್ತಿರ ಟ್ರಾನ್ಸ್‌ಮಿಷನ್ ಜ್ಯಾಕ್ ಇದೆ. ಕನ್ವರ್ಟರ್ ಹಳೆಯದೇ ನಡೆಯುತ್ತದಾ? ಆಯಿಲ್ ಯಾವುದು ಹಾಕಲಿ?

ಎಣ್ಣೆಕೈ_ಹ್ಯೂಸ್ಟನ್:

ಕನ್ವರ್ಟರ್ ಹೊಸದು ಹಾಕಿ. ಸುಟ್ಟ ಮಡ್ಡಿ ಅದರೊಳಗೂ ಕೂತಿರುತ್ತದೆ, ತೊಳೆದು ಪೂರ್ತಿ ತೆಗೆಯಲು ಆಗುವುದಿಲ್ಲ. ರೇಡಿಯೇಟರ್‌ಗೆ ಹೋಗುವ ಕೂಲರ್ ಪೈಪ್‌ಗಳನ್ನೂ ಫ್ಲಶ್ ಮಾಡಿ, ಇಲ್ಲದಿದ್ದರೆ ಅಲ್ಲಿನ ಕೊಳೆ ಹೊಸ ಬಾಕ್ಸ್‌ಗೆ ಬರುತ್ತದೆ. ವುಡ್‌ವರ್ಡ್‌ನಲ್ಲಿ ಆಗಸ್ಟ್ ಬಿಸಿಲಿಗೆ ಗಂಟೆಗಟ್ಟಲೆ ತೆವಳುತ್ತಾ ಹೋಗಬೇಕು, ಆಟೊಮ್ಯಾಟಿಕ್ ಬಿಸಿಯಾಗುವುದೇ ಅಂಥ ಕಡೆ. ರೇಡಿಯೇಟರ್ ಮುಂದೆ ಒಂದು ಚಿಕ್ಕ ಎಕ್ಸ್‌ಟ್ರಾ ಕೂಲರ್ ಹಾಕಿಬಿಡಿ.

ಕೂರಿಸುವಾಗ ಕನ್ವರ್ಟರ್ ತಿರುಗಿಸುತ್ತಾ ಒತ್ತಿ, ಪಂಪಿನೊಳಗೆ ಪೂರ್ತಿ ಹೋಗಬೇಕು. ಬೆಲ್‌ಹೌಸಿಂಗ್ ಎಂಜಿನ್‌ಗೆ ಕೈಯಲ್ಲೇ ಸೇರಬೇಕು. ಬೋಲ್ಟ್ ಬಿಗಿದು ಎಳೆಯಬೇಕಾಗಿ ಬಂದರೆ ಅಲ್ಲೇ ನಿಲ್ಲಿಸಿ, ಕನ್ವರ್ಟರ್ ಕೂತಿಲ್ಲ, ಬಿಗಿದರೆ ಪಂಪ್ ಒಡೆಯುತ್ತದೆ. ಸೇರಿದ ಮೇಲೆ ಎಂಜಿನ್ ಹಿಂಬದಿಯ ಫ್ಲೆಕ್ಸ್‌ಪ್ಲೇಟ್‌ಗೂ ಕನ್ವರ್ಟರ್‌ಗೂ ನಡುವೆ 1/8ರಿಂದ 3/16 ಇಂಚು ಸಂದು ಇರಲಿ.

ಆಯಿಲ್ ಡೆಕ್ಸ್ರಾನ್ 3 ದರ್ಜೆಯದು ಸಾಕು, ದುಬಾರಿ ಸಿಂಥೆಟಿಕ್ ಬೇಕಿಲ್ಲ. ನಿಮ್ಮ ಕಾರು ಹೊಸದಿದ್ದ ಕಾಲದ ಎಟಿಎಫ್‌ನಲ್ಲಿ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. 70ರ ದಶಕದಲ್ಲಿ ಅಮೆರಿಕ ಅದನ್ನು ನಿಷೇಧಿಸಿದ ಮೇಲೆ ಡೆಕ್ಸ್ರಾನ್ 2 ಬಂತು. ಖಾಲಿ ಬಾಕ್ಸ್‌ಗೆ ಕನ್ವರ್ಟರ್ ಸೇರಿ ಸುಮಾರು 10 ಕ್ವಾರ್ಟ್ ಹಿಡಿಯುತ್ತದೆ, ಆದರೆ ಒಂದೇ ಸಲ ಸುರಿಯಬೇಡಿ. ನಾಲ್ಕೈದು ಹಾಕಿ ಸ್ಟಾರ್ಟ್ ಮಾಡಿ, ಓಡುತ್ತಿರುವಾಗಲೇ ಉಳಿದದ್ದನ್ನು ಹಾಕುತ್ತಾ ಬನ್ನಿ, ಎಲ್ಲ ಗೇರ್‌ಗೂ ಲಿವರ್ ಒಮ್ಮೆ ಆಡಿಸಿ. ಕೊನೆಯ ಅಳತೆ ಬಾಕ್ಸ್ ಬಿಸಿಯಾದ ಮೇಲೆ, ಎಂಜಿನ್ ಓಡುತ್ತಿರುವಾಗ, ಪಾರ್ಕ್‌ನಲ್ಲಿಟ್ಟು ನೋಡಬೇಕು. ಡ್ರಮ್ ಬಿಚ್ಚಿದಾಗ ಫೋಟೊ ಹಾಕಿ, ಪ್ಲೇಟ್ ನೋಡೋಣ.