ಮದುವೆಗೆ 50 ವರ್ಷ: ಸಮಾರಂಭ ಬೇಡ, ಅರವಟ್ಟಿಗೆ ಬೇಕಂತೆ. ಹೇಗೆ ನಡೆಸೋದು?

ಪ್ರಶ್ನೆ (ದಾವಣಗೆರೆ)
ಏಪ್ರಿಲ್‌ನಲ್ಲಿ ಅಪ್ಪ ಅಮ್ಮನ ಮದುವೆಗೆ 50 ತುಂಬುತ್ತೆ. ಛತ್ರ, ಊಟ, ಶಾಲು ಏನೂ ಬೇಡ, ಆ ದುಡ್ಡಲ್ಲಿ ಬಸ್ ಸ್ಟಾಪ್ ಹತ್ತಿರ ಅರವಟ್ಟಿಗೆ ಇಡಿ ಅಂತ ಇಬ್ಬರದೂ ಒಂದೇ ಮಾತು. 200 ಜನಕ್ಕೆ ಮಜ್ಜಿಗೆ ಅಂದ್ರೆ ಎಷ್ಟು ಮೊಸರು? ಮಧ್ಯಾಹ್ನಕ್ಕೆ ಹುಳಿಯಾಗದ ಹಾಗೆ ಏನು ಮಾಡಬೇಕು? ಒಂದೇ ದಿನ ಜೋರಾಗಿ ಮಾಡೋದೋ, ಬೇಸಿಗೆ ಪೂರ್ತಿ ನಡೆಸೋದೋ?

ಅಡುಗೆಭಟ್ಟ
ಒಬ್ಬರಿಗೆ 150 ಮಿ.ಲೀ. ಹಿಡಿಯಿರಿ, 200 ಜನಕ್ಕೆ 30 ಲೀಟರ್. 6 ಲೀಟರ್ ಮೊಸರು, 24 ಲೀಟರ್ ಕುಡಿಯುವ ನೀರು, 150 ಗ್ರಾಂ ಉಪ್ಪು, 150 ಗ್ರಾಂ ಶುಂಠಿ, ಹಸಿಮೆಣಸಿನಕಾಯಿ 15 ಸಾಕು (ಮಕ್ಕಳೂ ಕುಡಿಯುತ್ತಾರೆ), ಕರಿಬೇವು, ಕೊತ್ತಂಬರಿ, ಚಿಟಿಕೆ ಇಂಗು. ರುಬ್ಬಿ, ಬಟ್ಟೆಯಲ್ಲಿ ಸೋಸಿಯೇ ಹಾಕಿ. ಇಲ್ಲದಿದ್ದರೆ ನಲ್ಲಿ ಕಟ್ಟಿಕೊಳ್ಳುತ್ತದೆ. ಒಗ್ಗರಣೆ ಬೇಡವೇ ಬೇಡ, ಎಣ್ಣೆ ಲೋಟಕ್ಕೆ ಹಿಡಿದರೆ ತೊಳೆಯುವವರ ಗತಿ ದೇವರೇ ಬಲ್ಲ.

ಹುಳಿಯಾಗೋದು ಎಲ್ಲವನ್ನೂ ಬೆಳಗ್ಗೆಯೇ ಕಲಸಿಡುವುದರಿಂದ. ಮೊಸರು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾಗೆ 40 ಡಿಗ್ರಿ ಸುಮಾರಿನ ಶಾಖ ಅಂದ್ರೆ ಹಬ್ಬ. ಮೊಸರನ್ನು ಫ್ರಿಜ್‌ನಲ್ಲೋ ಐಸ್ ಪೆಟ್ಟಿಗೆಯಲ್ಲೋ ಇಟ್ಟು, ಒಂದು ಸಲಕ್ಕೆ 2 ಲೀಟರ್ ಮಾತ್ರ ತೆಗೆದು, ಮೊದಲು ಕಡೆದು, ಆಮೇಲೆ 8 ಲೀಟರ್ ನೀರು ಬೆರೆಸಿ. ಕಡೆಯದೆ ನೀರು ಸುರಿದರೆ ಗಂಟು ಉಳಿಯುತ್ತೆ. ಅಂಗಡಿಯ ಐಸ್ ಗಡ್ಡೆಯನ್ನು ಮಜ್ಜಿಗೆಯೊಳಗೆ ಹಾಕಬೇಡಿ, ಅದು ಯಾವ ನೀರಿನದೋ! ದೊಡ್ಡ ಟಬ್ಬಿನಲ್ಲಿ ಐಸ್ ಇಟ್ಟು ಅದರೊಳಗೆ ಸ್ಟೀಲ್ ಪಾತ್ರೆ ನಿಲ್ಲಿಸಿ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯಲ್ಲಿ ಮಜ್ಜಿಗೆ ಕಿಲುಬುತ್ತೆ.

ಬಿಸಿಲನಾಡು (ಕಲಬುರಗಿ)
ಮಜ್ಜಿಗಿ ಇರಲಿ, ಆದ್ರ ನೀರಿನ ಗಡಗಿ ಬಿಡಬ್ಯಾಡ್ರಿ. ಬಿಸಲಾಗ ಬಂದ ಮನುಷ್ಯಾ ಮೊದಲು ಕೇಳೋದು ನೀರೇ. ಹೊಸ ಗಡಗಿ ರಾತ್ರಿ ಪೂರಾ ನೀರಾಗ ನೆನಸಿ, ಮೊದಲನೇ ದಿನದ ನೀರು ಚೆಲ್ಲಬೇಕು. ಬಣ್ಣ ಹಚ್ಚಿದ್ದು ತರಬ್ಯಾಡ್ರಿ: ಮಣ್ಣಿನ ರಂಧ್ರ ಮುಚ್ಚಿ ನೀರು ಜಿನುಗಂಗಿಲ್ಲ, ಜಿನುಗದಿದ್ರ ತಂಪಾಗಂಗಿಲ್ಲ. ಹಸಿ ಉಸುಕಿನ ಮ್ಯಾಲೆ ಇಟ್ಟು, ಸುತ್ತ ಒದ್ದಿ ಗೋಣಿ ಸುತ್ರಿ. ಗಡಗ್ಯಾಗ ಮಜ್ಜಿಗಿ ಮಾತ್ರ ಹಾಕಬ್ಯಾಡ್ರಿ, ಹುಳಿ ಒಳಗ ಕುಂತು ಮರುದಿನ ವಾಸನಿ ಹೊಡೀತದ.

ಹೊಂಗೆನೆರಳು
ಒಂದು ದಿನದ ಜೋರಿಗಿಂತ ಎರಡು ತಿಂಗಳ ನೀರು ಮೇಲು ಅನ್ನೋದು ನನ್ನ ಅಭಿಪ್ರಾಯ. ಅರವಟ್ಟಿಗೆಗೆ ದತ್ತಿ ಬಿಟ್ಟದ್ದು ಹಳೆಯ ಶಾಸನಗಳಲ್ಲೇ ಇದೆ, ಅದೂ ನಡೆಸಿಕೊಂಡು ಹೋಗಲೆಂದೇ. ದಿನಾ ನೀರು, ವಾರಕ್ಕೊಂದು ದಿನ ಮಜ್ಜಿಗೆ, ಮದುವೆಯ ದಿನ ಎರಡೂ. ಹೀಗೆ ಮಾಡಿದರೆ ಮೊಸರಿನ ಖರ್ಚು ಏಳರಲ್ಲೊಂದು ಪಾಲಿಗೆ ಇಳಿಯುತ್ತೆ.

ನಿಂತುಹೋಗೋದು ದುಡ್ಡಿಲ್ಲದೆ ಅಲ್ಲ, ತುಂಬಿಸುವವರಿಲ್ಲದೆ. ಎದುರಿನ ಅಂಗಡಿಯವರಿಗೋ ಆಟೋ ಸ್ಟ್ಯಾಂಡಿನವರಿಗೋ ಒಂದೊಂದು ವಾರ ಒಪ್ಪಿಸಿ, ಇನ್ನೊಬ್ಬರನ್ನು ಬದಲಿಗೆ ಇಟ್ಟುಕೊಳ್ಳಿ. ಜಾಗಕ್ಕೆ ಪಾಲಿಕೆಯಿಂದ ಮುಂಚೆಯೇ ಅನುಮತಿ ಕೇಳಿ. ನಿಲ್ದಾಣದ ಒಳಗಾದರೆ ಸಂಚಾರ ನಿಯಂತ್ರಕರನ್ನು. ಬಸ್ ನಿಲ್ಲುವ ಅಂಚು ಬೇಡ, ಜನ ರಸ್ತೆಗೆ ಬೆನ್ನು ಹಾಕಿ ಕುಡಿಯುತ್ತಾರೆ.

ಪ್ಲಾಸ್ಟಿಕ್ ಲೋಟಕ್ಕೆ 2022ರ ಜುಲೈಯಿಂದ ದೇಶಾದ್ಯಂತ ನಿಷೇಧ. 50–60 ಸ್ಟೀಲ್ ಲೋಟ, ಮೂರು ಬಕೆಟ್: ಎಂಜಲು ತೊಳೆಯಲು, ಸೋಪಿಗೆ, ಕೊನೆಗೆ ಚೊಕ್ಕ ನೀರಿಗೆ. ಮೂರನೆಯದು ಮಬ್ಬಾದ ಕೂಡಲೇ ಬದಲಿಸಿ. ಗಡಿಗೆಗೆ ಉದ್ದ ಹಿಡಿಯ ಸೌಟು ಸರಪಳಿಗೆ ಕಟ್ಟಿ, ಯಾರೂ ಲೋಟ ಅದ್ದಬಾರದು.

ನಿಮ್ಮ ತಂದೆ ತಾಯಿ ಕೈಯಾರೆ ಕೊಡಬೇಕು ಅಂದರೆ ಬೆಳಗ್ಗೆ 10ರಿಂದ 11, ನೆರಳಲ್ಲಿ, ಎರಡು ಕುರ್ಚಿ. ಅಪ್ಪ ಬಗ್ಗಿಸಿಕೊಡಲಿ, ಅಮ್ಮ ಕೊಡಲಿ. ಫೋಟೊ ಹಾಕಿದ ಫ್ಲೆಕ್ಸ್ ಮಾತ್ರ ದಯವಿಟ್ಟು ಬೇಡ; "ನೀರು ಇದೆ, ಕುಡಿಯಿರಿ" ಅಂತ ಒಂದು ಹಲಗೆ ಸಾಕು.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದ. ವಾರಕ್ಕೊಂದು ದಿನ ಅನ್ನೋದು ಅಮ್ಮನಿಗೆ ತುಂಬಾ ಹಿಡಿಸಿತು. ರಾಮನವಮಿಗೆ ಪಾನಕ ಇಡಬಹುದಾ?

ಅಡುಗೆಭಟ್ಟ
ಧಾರಾಳವಾಗಿ. 10 ಲೀಟರಿಗೆ 1 ಕೆ.ಜಿ. ಬೆಲ್ಲ, 4 ಚಮಚ ಒಣಶುಂಠಿ ಪುಡಿ, 2 ಚಮಚ ಕಾಳುಮೆಣಸು, 15 ಏಲಕ್ಕಿ, ಕೊನೆಯಲ್ಲಿ 5–6 ನಿಂಬೆಹಣ್ಣು. ಬೆಲ್ಲ ಕರಗಿಸಿ ಎರಡು ಸಲ ಸೋಸಿ, ಮರಳು ತಳದಲ್ಲಿ ನಿಲ್ಲುತ್ತೆ. ಸಕ್ಕರೆ ಕಾಯಿಲೆಯವರು ಕೇಳದೇ ಕುಡಿಯುತ್ತಾರೆ, ಪಕ್ಕದಲ್ಲೇ ಮಜ್ಜಿಗೆ ಇರಲಿ. ಸಂಜೆಗೆ ಉಳಿದದ್ದನ್ನು ಎತ್ತಿಡಬೇಡಿ, ನೊರೆ ಬರುತ್ತೆ.