ಸಹಾಯ ಬೇಕು: ಕನೂ ದೋಣಿಯ ತಳದ ಸೀಳಿಗೆ ಪ್ಲಾಸ್ಟಿಕ್ ಬೆಸುಗೆ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ನಿವಾಸಿ. ಗಣೇಶಗುಡಿಯ ಬಳಿ ಕಾಳಿ ನದಿಯ ರಭಸದ ಹರಿವಿನಲ್ಲಿ ನಡೆಸುವ ನನ್ನ ಕನೂ ದೋಣಿ (ಹುಟ್ಟು ಹಾಕುವ ಕಿರಿದಾದ ಹಗುರ ದೋಣಿ) ಬಂಡೆಗೆ ಬಡಿದು, ಅದರ ತಳದಲ್ಲಿ, ಮಂಡಿಯೂರಿ ಕೂರುವ ಫೋಮ್ ಪೀಠದ ನೇರ ಕೆಳಗೆ, ಒಂದು ಗೇಣಿನಷ್ಟು ಸೀಳು ಬಿಟ್ಟಿದೆ. ಹೆಬ್ಬೆರಳಿನಿಂದ ಒತ್ತಿದರೆ ಸೀಳು ಬಾಯಿ ತೆರೆಯುತ್ತದೆ.

ದೋಣಿ ಪಾಲಿಥಿಲೀನಿನದು. ಈ ಪ್ಲಾಸ್ಟಿಕ್ಕಿಗೆ ಎಪಾಕ್ಸಿ ಅಂಟು ಸರಿಯಾಗಿ ಹಿಡಿಯುವುದಿಲ್ಲವೆಂಬುದು, ನಾನು ಹಚ್ಚಿದ ತೇಪೆ ಎರಡನೆಯ ಸವಾರಿಯಲ್ಲಿಯೇ ಸಿಪ್ಪೆಯಂತೆ ಎದ್ದುಬಂದಾಗ ತಿಳಿಯಿತು. ಸೀಳು ಮುಂದುವರಿಯದಂತೆ ಅದರ ಎರಡೂ ತುದಿಗಳಲ್ಲಿ ಸಣ್ಣ ರಂಧ್ರ ಕೊರೆದಿದ್ದೇನೆ. ಇನ್ನು ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯನ್ನು ಬಿಸಿಗಾಳಿಯ ಗನ್ನಿನಿಂದ ಕರಗಿಸಿ ಬೆಸುಗೆ ಹಾಕಿಸುವುದೇ ಸರಿಯೆಂದು ನನ್ನ ಅಭಿಪ್ರಾಯ. ಮನೆಯ ಮಾಳಿಗೆಯ ಮೇಲಿನ ನೀರಿನ ಟ್ಯಾಂಕುಗಳೂ ಬಹುಮಟ್ಟಿಗೆ ಪಾಲಿಥಿಲೀನಿನವೇ ಆಗಿರುವುದರಿಂದ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ ತಾರಿಹಾಳದಲ್ಲಾಗಲಿ ಅಂಥ ಟ್ಯಾಂಕುಗಳಿಗೆ ಬೆಸುಗೆ ಹಾಕುವ ಕುಶಲಿಗರು ತಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿರಿ. ಮೇಲ್ಮೈಯನ್ನಷ್ಟೇ ಕರಗಿಸಿ ಸವರಿದರೆ ಬಂಡೆಯ ಪೆಟ್ಟಿಗೆ ಅದು ನಿಲ್ಲಲಾರದು. ಸೀಳನ್ನು ‘ವಿ’ ಆಕಾರದಲ್ಲಿ ಕೆತ್ತಿ ಕಡ್ಡಿ ತುಂಬುವವರೇ ಬೇಕು.

ಬೆಸುಗೆಗಾಗಿ ಕಿತ್ತಿರುವ ಫೋಮ್ ಪೀಠವನ್ನು ಮತ್ತೆ ಕೂರಿಸಲು ಯಾವ ಅಂಟು ನೀರಿನಲ್ಲಿ ಬಾಳುತ್ತದೆ ಎಂಬುದನ್ನೂ ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ. ದೋಣಿಯನ್ನು ಗಾಡಿಯ ಮೇಲೆ ಕಟ್ಟಿಕೊಂಡು ಹೇಳಿದಲ್ಲಿಗೆ ನಾನೇ ತರುತ್ತೇನೆ.