ಮಗಳಿಗೆ ‘ತಾರಾ’ ಅಂತ ಹೆಸರಿಡಬಹುದಾ? ಗೊತ್ತಿದ್ದವರು ಹೇಳಿ

ನಮ್ಮೂರು ಮೈಸೂರು, ಈಗ ಇರುವುದು ಡಬ್ಲಿನ್‌ನಲ್ಲಿ. ಸರಸ್ವತಿಪುರಂ ಮನೆಯಲ್ಲಿ ನಾಮಕರಣ. ಎರಡೂ ಕಡೆ ಸಲ್ಲುವ ಹೆಸರು ಅಂತ ತಾರಾ ಆರಿಸಿದ್ದೇವೆ. ಅತ್ತೆ ಮಾತ್ರ ‘ವಾಲಿ ಹೆಂಡತಿ ಹೆಸರು ಯಾಕೆ?’ ಅಂತಿದ್ದಾರೆ.

ಮಂಡ್ಯದಿಂದ:
ಬೆಳಿಗ್ಗೆ ಹೇಳುವ ಪಂಚಕನ್ಯೆಯರ ಶ್ಲೋಕವನ್ನು ಅತ್ತೆಯವರಿಗೆ ನೆನಪಿಸಿ. ಅಹಲ್ಯೆ, ದ್ರೌಪದಿ, ಮಂಡೋದರಿ ಜೊತೆ ತಾರೆಯೂ ಇದ್ದಾಳಲ್ವಾ? ಸುಗ್ರೀವ ಎರಡನೇ ಸಲ ಕೂಗಿದಾಗ, ‘ಅವನ ಬೆನ್ನಿಗೆ ರಾಮ ಇದ್ದಾನೆ, ಹೋಗಬೇಡ’ ಎಂದು ವಾಲಿಗೆ ಬುದ್ಧಿ ಹೇಳಿದವಳು ಅವಳು. ಆಮೇಲೆ ಲಕ್ಷ್ಮಣ ಸಿಟ್ಟಿನಿಂದ ಬಂದಾಗ ಸಮಾಧಾನ ಮಾಡಿದವಳೂ ಅವಳೇ. ಹನುಮಂತನನ್ನು ಬಿಟ್ಟರೆ ಕಿಷ್ಕಿಂಧೆಯಲ್ಲಿ ತಲೆ ನೆಟ್ಟಗಿದ್ದದ್ದು ಅವಳಿಗೇ ಅಂತೀನಿ.

ಕುವೆಂಪುನಗರದಿಂದ:
ಹೆಸರು ಚೆನ್ನಾಗಿದೆ. ಆದರೆ ಐರ್ಲೆಂಡಿನ ತಾರಾ, ನಮ್ಮ ತಾರಾ ನೆಂಟರಲ್ಲ. ನಮ್ಮದು ನಕ್ಷತ್ರ. ಪರ್ಷಿಯನ್ನಿನ ಸಿತಾರಾ, ಇಂಗ್ಲಿಷಿನ ಸ್ಟಾರ್ ಅದರ ದೂರದ ದಾಯಾದಿಗಳು. ಅವರದು ಮೀಥ್ ಕೌಂಟಿಯ ಒಂದು ಗುಡ್ಡದ ಹೆಸರು. ಹಿಂದೆ ಐರ್ಲೆಂಡಿನ ರಾಜಾಧಿರಾಜರ ಪೀಠ ಅಲ್ಲಿತ್ತು ಅಂತ ಪ್ರತೀತಿ. ಡಬ್ಲಿನ್‌ಗೆ ಹತ್ತಿರವೇ, ಮಗುವನ್ನು ಕರೆದುಕೊಂಡು ಹೋಗಿ ಬನ್ನಿ. ಸುಮ್ನೆ ‘ಎರಡೂ ಒಂದೇ’ ಅಂತ ಮಾತ್ರ ಹೇಳಿಕೊಡಬೇಡಿ.

ಪಿರಿಯಾಪಟ್ಟಣದಿಂದ:
ಇನ್ನೊಂದು ತಾರಾ ನಮ್ಮ ತಾಲ್ಲೂಕಿನಲ್ಲೇ ಇದ್ದಾಳೆ! ಬೈಲಕುಪ್ಪೆಗೆ 1960ರ ದಶಕದಲ್ಲಿ ಬಂದು ನೆಲೆಸಿದ ಟಿಬೆಟಿಯನ್ನರಲ್ಲಿ ಡೋಲ್ಮಾ ಅಂತ ಹೆಸರಿರುವ ಹೆಂಗಸರು ಬಹಳ. ಬೌದ್ಧರ ತಾರಾದೇವಿಗೆ ಟಿಬೆಟಿಯನ್ ಹೆಸರು ಅದು. ಅಲ್ಲಿ ಅರ್ಥ ನಕ್ಷತ್ರ ಅಲ್ಲ, ಕಷ್ಟದಿಂದ ಪಾರು ಮಾಡುವವಳು. ನಮ್ಮ ಸಂತೆಗೆ ಸ್ವೆಟರ್ ತರುವ ಡೋಲ್ಮಾ ಅಕ್ಕನಿಗೆ ಇದನ್ನು ಹೇಳಿದರೆ, ‘ಗೊತ್ತು, ನೀವು ಇಷ್ಟು ಕೊಡಿ’ ಅಂತ ಕ್ಯಾಲ್ಕುಲೇಟರ್ ತೋರಿಸಿದರು. ಹಸಿರು ತಾರಾ, ಬಿಳಿ ತಾರಾ ಅಂತೆಲ್ಲ ರೂಪಗಳಿವೆ. ಅತ್ತೆಯವರಿಗೆ ಈ ಅರ್ಥ ಹಿಡಿಸಬಹುದು.

ಮದ್ದೂರಿನಿಂದ:
ನಮ್ಮ ಮೊಮ್ಮಗಳೂ ತಾರಾ. ಹೊರದೇಶದ ಸ್ಕೂಲಲ್ಲಿ ‘ಟಾರಾ’, ಮನೆಯಲ್ಲಿ ‘ತಾರಮ್ಮ’. ಅವಳು ಎರಡಕ್ಕೂ ಓ ಅಂತಾಳೆ. ಇಂಗ್ಲಿಷಿನಲ್ಲಿ ‘ಎ’ ಒಂದೋ ಎರಡೋ ಈಗಲೇ ತೀರ್ಮಾನಿಸಿ, ಜನನ ಪತ್ರದಲ್ಲೂ ಪಾಸ್‌ಪೋರ್ಟಲ್ಲೂ ಒಂದೇ ಥರ ಬರೆಸಿ. ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆಯುವಾಗ ಆ ತಲೆನೋವಿಲ್ಲ. ಜನ್ಮನಕ್ಷತ್ರ ಯಾವುದು? ಸ್ವಾತಿ ನಾಲ್ಕನೇ ಪಾದ ಆದರೆ ‘ತ’ ತಾನಾಗೇ ಬರುತ್ತೆ. ಬೇರೆ ಇದ್ದರೆ ಜಾತಕಕ್ಕೆ ಒಂದು ಹೆಸರಿಟ್ಟು, ಕರೆಯೋಕೆ ತಾರಾ ಅಂತಿಡಿ. ನಮ್ಮ ಮನೆಯಲ್ಲಿ ಹಾಗೇ ಮಾಡಿದ್ದು.